ಅಳಿಯನ ಬೋನು

ಹಿತ್ತಲಿನ ಕೊಟ್ಟಿಗೆಯಿಂದ ಧಡ್ ಎಂದು ಸದ್ದು ಬಂದದ್ದೇ ತಡ, ದೀಪದಮ್ಮ ಬಾಣಲೆಯನ್ನು ಒಲೆಯ ಮೇಲಿಟ್ಟು ಎಣ್ಣೆ ಸುರಿದಳು. ಈರುಳ್ಳಿ ಆಗಲೇ ಹೆಚ್ಚಿ ಇಟ್ಟಾಗಿತ್ತು.

"ಹೋಗಿ ತಗೊಂಡು ಬಾ," ಎಂದಳು ಮಗಳಿಗೆ. "ಚಿಪ್ಪು ಸರಿಯಾಗಿ ಆರಿಸು. ಮೊನ್ನೆ ನನ್ನ ಹಲ್ಲಿಗೆ ಸಿಕ್ತು."

ಮಗಳು ಪಾತ್ರೆ ಹಿಡಿದು ಹೊರಟಳು. ಆ ಮನೆಯಲ್ಲಿ ಅಳಿಯನ ಸೋಲನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದು ನೇರವಾಗಿ ತಟ್ಟೆಗೇ ಬರುತ್ತಿತ್ತು. ಅವನು ಕೊಟ್ಟಿಗೆಯ ಮಾಡಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಮೊಣಕಾಲೆತ್ತರದ ಮರದ ಪೆಟ್ಟಿಗೆ ತೂಗುಬಿಟ್ಟು, ಅದರೊಳಗೆ ಒಂದು ಬುಟ್ಟಿ ಮೊಟ್ಟೆ ಇಟ್ಟು ಹಗ್ಗ ಕಡಿಯುತ್ತಿದ್ದ. ಹಗ್ಗ ಬಿಗಿಯಾಗಿರುವಷ್ಟು ಹೊತ್ತು ಪೆಟ್ಟಿಗೆಯ ನೆತ್ತಿಯ ಮೇಲಿನ ಸ್ಪ್ರಿಂಗು ಬಾಗಿಕೊಂಡು ಸುಮ್ಮನಿರಬೇಕು. ಹಗ್ಗ ತುಂಡಾದ ಕ್ಷಣ ಅದು ಚಿಮ್ಮಿ, ಎರಡು ಕಬ್ಬಿಣದ ಉಗುರುಗಳನ್ನು ಎರಡು ಬದಿಯ ಮರದ ಕಂಬಗಳಿಗೆ ನೆಡಬೇಕು. ಪೆಟ್ಟಿಗೆ ನಡುಗಾಳಿಯಲ್ಲಿ ನಿಲ್ಲಬೇಕು. ಅವನ ಲೆಕ್ಕ ಅದು. ಪೆಟ್ಟಿಗೆಯ ಲೆಕ್ಕ ಬೇರೆಯೇ ಇತ್ತು. ಹೀಗಾಗಿ ವಾರದಲ್ಲಿ ಎರಡು ಮೂರು ದಿನ ಮನೆಮಂದಿಗೆಲ್ಲ ಹುರಿದ ಮೊಟ್ಟೆಯೇ ಊಟ.

ಮಗಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಗಂಡ ನೆಲದ ಮೇಲೆ ಕಾಲು ಚಾಚಿ ಕೂತಿದ್ದ, ದಣಿದ ಮಗುವಿನ ಹಾಗೆ. ತುಂಡಾದ ಹಗ್ಗ ಅವನ ಹೆಗಲ ಮೇಲೆ ಬಿದ್ದಿತ್ತು. ಪೆಟ್ಟಿಗೆ ನೆಲದಲ್ಲಿರಲಿಲ್ಲ. ಅದು ಅವಳ ಎದೆಯ ಎತ್ತರದಲ್ಲಿ, ಮೇಲಿನಿಂದ ಯಾರೂ ಹಿಡಿದುಕೊಳ್ಳದೆ, ತನ್ನ ಪಾಡಿಗೆ ತಾನು ನಿಂತಿತ್ತು. ಬಂದ ಸದ್ದು ಉಗುರು ಮರವನ್ನು ಕಚ್ಚಿದ ಸದ್ದು.

"ಮುಟ್ಟಬೇಡ," ಎಂದ ಅವನು ಪಿಸುದನಿಯಲ್ಲಿ, ಹಕ್ಕಿಯೊಂದು ಬಂದು ಕೂತಿದೆ ಎಂಬಂತೆ.

ಅವಳು ಬಗ್ಗಿ ಬುಟ್ಟಿಯೊಳಗೆ ನೋಡಿದಳು. ಆಮೇಲೆ ಖಾಲಿ ಪಾತ್ರೆ ಹಿಡಿದು ಅಡುಗೆಮನೆಗೆ ಬಂದಳು.

"ಎಲ್ಲಿ?" ಎಂದಳು ಅಮ್ಮ.

"ಒಡೆದಿಲ್ಲಮ್ಮ."

"ಒಂದೂನೂ?"

"ಒಂದೂನೂ."

ದೀಪದಮ್ಮ ಹೊಗೆಯಾಡುತ್ತಿದ್ದ ಎಣ್ಣೆಯನ್ನು ಸ್ವಲ್ಪ ಹೊತ್ತು ನೋಡಿದಳು. ಬಾಣಲೆಯನ್ನು ಕೆಳಗಿಳಿಸಿ, ಬಟ್ಟೆಯಿಂದ ಕೈ ಒರೆಸಿಕೊಂಡಳು.

"ಹಾಗಾದ್ರೆ ಊಟಕ್ಕೆ ಏನು ಮಾಡ್ಲಿ ಅಂತ ಕೇಳು ನಿನ್ನ ಗಂಡನ್ನ," ಎಂದಳು.

ಅವಳು ಅಳಿಯನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಸುತ್ತ ಕೂತಿದ್ದರೂ "ನಿನ್ನ ಗಂಡನಿಗೆ ಉಪ್ಪು ಬೇಕಾ ಅಂತ ಕೇಳು," "ನಿನ್ನ ಗಂಡನ ಚಪ್ಪಲಿ ನಡುಮನೇಲಿದೆ ನೋಡು," ಎಂದು ಎಲ್ಲವೂ ಮಗಳ ಮೂಲಕವೇ ಸಾಗುತ್ತಿತ್ತು. ಅವನೂ ಅದಕ್ಕೆ ಹೊಂದಿಕೊಂಡಿದ್ದ. "ಅತ್ತೆ, ಉಪ್ಪು ಸಾಕು," ಎಂದು ನೇರವಾಗಿಯೇ ಉತ್ತರ ಕೊಡುತ್ತಿದ್ದ. ಆ ಉತ್ತರ ಗಾಳಿಯಲ್ಲಿ ಹಾಗೇ ಉಳಿಯುತ್ತಿತ್ತು.

ಅದು ಗಣಿಯ ಊರು. ಊರಿನ ನಡುವೆ ಬಾವಿ. ಗಣಿಗಿಳಿಯುವ ಆ ಆಳದ ಕಂಡಿಯನ್ನು ಎಲ್ಲರೂ ಬಾವಿ ಎಂದೇ ಕರೆಯುತ್ತಿದ್ದರು. ಬಾವಿಯ ಮೇಲೆ ಎತ್ತರದ ಚೌಕಟ್ಟು, ಚೌಕಟ್ಟಿನ ತುದಿಯಲ್ಲಿ ಮನೆಯಷ್ಟು ದೊಡ್ಡ ರಾಟೆ, ರಾಟೆಯಿಂದ ಇಳಿಬಿಟ್ಟ ಹಗ್ಗ, ಹಗ್ಗದ ತುದಿಗೆ, ತಳದವರೆಗೂ ಇಳಿದ ಎರಡು ಮರದ ಕಂಬಗಳ ನಡುವೆ ಜಾರುವ ಕಬ್ಬಿಣದ ಬೋನು. ಆಳುಗಳು ಕುರಿಗಳಂತೆ ಒತ್ತೊತ್ತಾಗಿ ಅದರಲ್ಲಿ ನಿಂತು ಕೆಳಗಿಳಿಯುತ್ತಿದ್ದರು, ಮೇಲೆ ಬರುತ್ತಿದ್ದರು. ದೀಪದಮ್ಮನ ಗಂಡನೂ ಹಾಗೇ ಇಳಿಯುತ್ತಿದ್ದವನು. ಒಂದು ಬೆಳಗ್ಗೆ ಹಗ್ಗ ಹರಿಯಿತು.

ಆ ಹೊತ್ತಿನಲ್ಲಿ, ಊರಿಗೆ ಹೊಸದಾಗಿ ಬಂದಿದ್ದ ಗಡಿಯಾರ ರಿಪೇರಿಯವನು ಗಣಿ ಕಚೇರಿಯ ಗೋಪುರ ಹತ್ತಿ ದೊಡ್ಡ ಗಡಿಯಾರಕ್ಕೆ ಎಣ್ಣೆ ಬಿಡುತ್ತಿದ್ದ. ಅವನ ಕಣ್ಣೆದುರಿಗೇ ಎದುರಿನ ರಾಟೆ ಹುಚ್ಚು ಹಿಡಿದಂತೆ ತಿರುಗಿತು, ಆಮೇಲೆ ನಿಂತಿತು. ಅಂಗಳದಲ್ಲಿದ್ದ ಜನ ತಲೆಯೆತ್ತಿ ನೋಡಿದ್ದು, ಒಬ್ಬ ಹೆಂಗಸು ಕೈಯಲ್ಲಿದ್ದ ಬುತ್ತಿಯನ್ನು ಬಹಳ ಜೋಪಾನವಾಗಿ ನೆಲದ ಮೇಲಿಟ್ಟು ಓಡಲು ಶುರುಮಾಡಿದ್ದು, ಎಲ್ಲವೂ ಅವನಿಗೆ ಮೇಲಿನಿಂದ ಕಂಡಿತು. ತನ್ನ ಪಕ್ಕದಲ್ಲೇ ಗಡಿಯಾರದ ಕಬ್ಬಿಣದ ಗುಂಡುಗಳು ಹಗ್ಗಕ್ಕೆ ಜೋತು ನಿಧಾನವಾಗಿ ಇಳಿಯುತ್ತಿದ್ದವು, ಒಂದೊಂದು ಹಲ್ಲಿಗೂ ತಡೆದು, ಬಿಟ್ಟು, ತಡೆದು. ಗುಂಡನ್ನು ಹಿಡಿದು ನಿಲ್ಲಿಸಲು ಗಡಿಯಾರಕ್ಕೆ ಒಂದು ಹಲ್ಲಿದೆ, ಮನುಷ್ಯರನ್ನು ಹಿಡಿಯಲು ಇಲ್ಲ ಎಂಬುದು ಅವನ ತಲೆಯೊಳಗೆ ಹೊಕ್ಕದ್ದು ಅಲ್ಲೇ. ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ.

ಸತ್ತವನೊಬ್ಬನ ಕೈಗಡಿಯಾರ ರಿಪೇರಿಗೆಂದು ಅವನ ಅಂಗಡಿಯಲ್ಲಿತ್ತು. ಕೆಲವು ದಿನ ಬಿಟ್ಟು ಅದನ್ನು ಸರಿಮಾಡಿ ಮನೆಗೆ ತಲುಪಿಸಲು ಹೋದ. ಬಾಗಿಲು ತೆರೆದವಳು ಮಗಳು. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ, ಇಂಥ ಕೈಯಿಂದ ಈ ಮನುಷ್ಯ ಅಷ್ಟು ಸಣ್ಣ ಚಕ್ರಗಳನ್ನು ಹೇಗೆ ಕೂರಿಸುತ್ತಾನೋ ಎಂದು ಅವಳಿಗೆ ಆಶ್ಚರ್ಯವಾಯಿತು. ಆ ಆಶ್ಚರ್ಯವೇ ಬೆಳೆದು ಎರಡು ವರ್ಷದ ಮೇಲೆ ಮದುವೆಯಾಯಿತು. ಅಷ್ಟು ಹೊತ್ತಿಗೆ ಗಣಿಯವರು ವಿಧವೆಗೆ ದೀಪದ ಕೋಣೆಯಲ್ಲಿ ಕೆಲಸ ಕೊಟ್ಟಿದ್ದರು. ಕೆಳಗಿಳಿಯುವವರಿಗೆಲ್ಲ ಒಂದೊಂದು ದೀಪ ಕೊಡುವುದು, ಬಂದವರಿಂದ ತೆಗೆದುಕೊಂಡು ಕೊಕ್ಕೆಗೆ ಸಿಕ್ಕಿಸುವುದು. ದೀಪದಮ್ಮ ಎಂಬ ಹೆಸರು ಅಲ್ಲಿಂದ ಬಂದದ್ದು.

"ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರೆ," ಎಂದು ಅವಳು ದೀಪದ ಕೋಣೆಯ ಕಿಟಕಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮ ಅಳಿಯನಿಗೆ ಮದುವೇನೂ ಆಯ್ತು, ಹುಚ್ಚೂ ಬಿಡ್ಲಿಲ್ಲ. ಅಳಿಯ ಮನೆ ತೊಳಿಯ ಅಂತ ಸುಮ್ನೆ ಅಂದಿಲ್ಲ ಹಿರಿಯರು." ಆಳುಗಳು ನಗುತ್ತಿದ್ದರು. ಗಡಿಯಾರದವನ ಪೆಟ್ಟಿಗೆ ಊರಿಗೆಲ್ಲ ಪರಿಚಯವಾದದ್ದೇ ದೀಪದಮ್ಮನ ಬೈಗುಳದಿಂದ. ಆದರೆ ಕೊಟ್ಟಿಗೆಯಲ್ಲಿ ಧಡ್ ಎಂದಾಗಲೆಲ್ಲ ಅಮ್ಮನ ಕೈ ತಕ್ಷಣ ಏನನ್ನಾದರೂ ಹಿಡಿದುಕೊಳ್ಳುತ್ತದೆ, ಬಾಣಲೆಯನ್ನೋ ಸೌಟನ್ನೋ ಬಾಗಿಲ ಚಿಲಕವನ್ನೋ, ಎಂಬುದನ್ನು ಮಗಳು ಗಮನಿಸಿದ್ದಳು.

ಮೊಟ್ಟೆ ಒಡೆಯದ ದಿನದ ನಂತರ ಗಡಿಯಾರದವನು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಗಣಿ ಮೇನೇಜರರ ಬಳಿಗೆ ಹೋದ. ಮೇನೇಜರ್ ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕ. ಮೇಲಿನವರಿಗೆ ಹೆದರುತ್ತಿದ್ದ, ಕೆಳಗಿನವರಿಗೂ ಹೆದರುತ್ತಿದ್ದ. ಅವನು ತನ್ನ ಕೈಯಿಂದಲೇ ಹಗ್ಗ ಕಡಿದು ನೋಡಿದ, ಇನ್ನೊಮ್ಮೆ ಕಡಿದ, ಮಕ್ಕಳಂತೆ ಖುಷಿಪಟ್ಟ. ಒಂದು ಬೋನಿಗೆ ಉಗುರು ಹಾಕಿಸಲು ಒಪ್ಪಿದ. ಗಣಿಯ ಕಮ್ಮಾರನೂ ಗಡಿಯಾರದವನೂ ಸೇರಿ ತಿಂಗಳುಗಟ್ಟಲೆ ಬಡಿದು ಕಾಸಿ ಅದನ್ನು ಕೂರಿಸಿದರು.

ಅಡ್ಡ ನಿಂತವರು ಆಳುಗಳೇ. ಉಗುರು, ಸ್ಪ್ರಿಂಗು, ಕಂಬಿ ಎಲ್ಲ ಸೇರಿ ಬೋನು ಭಾರವಾಗಿತ್ತು. ಒಂದು ಸಲಕ್ಕೆ ಮೇಲೆ ಬರುವ ಅದಿರು ಕಡಿಮೆಯಾಗುತ್ತಿತ್ತು, ಅವರ ಕೂಲಿ ಅದಿರಿನ ಲೆಕ್ಕದ್ದು. ಅದು ಸಾಲದೆಂಬಂತೆ ಮೊದಲ ವಾರವೇ ಉಗುರು ಸುಮ್ಮಸುಮ್ಮನೆ ಕಚ್ಚಿಕೊಂಡು, ಮೇಲೆ ಬರುತ್ತಿದ್ದ ಆಳುಗಳು ಬಾವಿಯ ನಡುವೆ ಅರ್ಧ ದಿನ ತ್ರಿಶಂಕುವಾಗಿ ಕೂತರು. ಅವರನ್ನು ಬಿಡಿಸಿ ಮೇಲೆ ತಂದಾಗ ಅವರಲ್ಲಿ ಹಿರಿಯನಾದ ಗಡ್ಡದ ಮೇಸ್ತ್ರಿ ಗಡಿಯಾರದವನ ಮುಂದೆ ನಿಂತು, "ಬೀಳೋದನ್ನ ತಪ್ಪಿಸ್ತೀಯ ಸರಿಯಪ್ಪ, ಆದ್ರೆ ಮನೆಗೆ ಹೋಗೋದನ್ನೂ ತಪ್ಪಿಸ್ಬಿಟ್ರೆ ಹೇಗೆ?" ಎಂದ. ಎಲ್ಲರೂ ನಕ್ಕರು. ನಕ್ಕವರು ಮರುದಿನ ಆ ಬೋನಿಗೆ ಕಾಲಿಡಲಿಲ್ಲ.

ಗಡಿಯಾರದವನು ಸ್ಪ್ರಿಂಗು ಬದಲಿಸಿದ. ಆಳುಗಳನ್ನು ಕರೆದು, ಮನುಷ್ಯರ ತೂಕದ ಮರಳಿನ ಚೀಲ ತುಂಬಿಸಿ, ಅವರೆದುರಿಗೇ ಹಗ್ಗ ಕಡಿಸಿದ. ಬೋನು ನಿಂತಿತು.

"ನಿಂತಿತು, ಇಲ್ಲ ಅನ್ನಲ್ಲ," ಎಂದ ಮೇಸ್ತ್ರಿ. "ಆದ್ರೆ ಮರಳಿನ ಚೀಲ ಅಲ್ಲಾಡಲ್ಲ, ಹೆದರಲ್ಲ, ಒಬ್ಬರ ಮೇಲೊಬ್ಬರು ಬೀಳಲ್ಲ. ಅದರ ದಾರಿ ಕಾಯೋರೂ ಯಾರಿಲ್ಲ."

ಮೇನೇಜರ್ ಕಡೆಯ ಮಾತು ಹೇಳಿದ: ಇನ್ನೊಂದು ಪರೀಕ್ಷೆ, ಆಳುಗಳು ಒಪ್ಪಿದರೆ ಎಲ್ಲ ಬೋನುಗಳಿಗೂ ಉಗುರು, ಒಪ್ಪದಿದ್ದರೆ ಇದನ್ನೂ ಬಿಚ್ಚಿ ಗುಜರಿಗೆ.

ಪರೀಕ್ಷೆಯ ದಿನ ಮಧ್ಯಾಹ್ನ, ಒಂದು ಪಾಳಿಯವರು ಮೇಲೆ ಬಂದು ಇನ್ನೊಂದು ಪಾಳಿಯವರು ಇಳಿಯುವ ಹೊತ್ತಿಗೆ, ಇಡೀ ಊರು ಬಾವಿಯ ಅಂಗಳದಲ್ಲಿತ್ತು. ಮಾಮೂಲಿ ಉಕ್ಕಿನ ಹಗ್ಗ ಬಿಚ್ಚಿ, ಕೊಡಲಿಯಿಂದ ಕಡಿಯಲು ಬರುವಂತೆ ದಪ್ಪನೆಯ ನಾರಿನ ಹಗ್ಗಕ್ಕೆ ಬೋನನ್ನು ತೂಗುಹಾಕಿದ್ದರು. ಕೆಳಗೆ ಬಾವಿ ಬಾಯಿ ತೆರೆದುಕೊಂಡಿತ್ತು. ಅದರೊಳಗಿನ ತಣ್ಣನೆಯ ಗಾಳಿ ಮೇಲೆದ್ದು ಮುಂದೆ ನಿಂತಿದ್ದವರ ಮುಖಕ್ಕೆ ಬಡಿಯುತ್ತಿತ್ತು. ಕಮ್ಮಾರ ಕೊಡಲಿ ಹಿಡಿದು ಚೌಕಟ್ಟಿನ ಮೆಟ್ಟಿಲ ಮೇಲೆ ನಿಂತಿದ್ದ. ಮಗಳು ಜನರ ನಡುವೆ, ಗಂಡ ಏನು ಮಾಡಲಿದ್ದಾನೆಂದು ಗೊತ್ತಿದ್ದವಳಾಗಿ ನಿಂತಿದ್ದಳು. ಹಿಂದಿನ ದಿನವೇ ಅವನು ಹೇಳಿದ್ದ. ಅವಳು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ, ನೀನೂ ನಂಬಲ್ವಾ ಎಂದು ಅವನು ಕೇಳುತ್ತಿರಲಿಲ್ಲ. ಆದರೆ ಮುಖ ನೋಡುತ್ತಿದ್ದ.

ಗಡಿಯಾರದವನು ಕೋಟು ಕಳಚಿ ಬೋನಿನ ಕಡೆಗೆ ನಡೆದ.

"ಏಯ್, ಏನು ಮಾಡ್ತಿದ್ದೀರಿ?" ಎಂದು ಮೇನೇಜರ್ ಅವನ ತೋಳು ಹಿಡಿದ. "ನಿಮಗೇ ಏನಾದ್ರೂ ಆದ್ರೆ ಎಲ್ಲಿ ತಪ್ಪಾಯ್ತು ಅಂತ ಹೇಳೋಕೆ ಯಾರಿದ್ದಾರೆ?"

"ತಪ್ಪಾಗಲ್ಲ ಸಾರ್."

"ಮಾಡಿದವನೇ ನಿಂತ್ರೆ ಅದೇನು ಪರೀಕ್ಷೆ?" ಎಂದಿತು ಒಂದು ದನಿ. "ಹೆತ್ತವರಿಗೆ ಹೆಗ್ಗಣ ಮುದ್ದು."

ಮಗಳು ತಿರುಗಿದಳು. ಅದು ಅಮ್ಮನ ದನಿ. ದೀಪದ ಕೋಣೆಯ ಬಾಗಿಲು ಎಳೆದುಕೊಂಡು, ಮಸಿ ಹಿಡಿದ ಕೈಗಳನ್ನು ಒರೆಸುತ್ತಾ ದೀಪದಮ್ಮ ಬರುತ್ತಿದ್ದಳು. ಜನ ದಾರಿ ಬಿಟ್ಟರು. ಬೈಯಲು ಬಂದಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡರು. ಕೆಲವರ ಮುಖದಲ್ಲಿ ಆಗಲೇ ನಗು ಮೂಡಿತ್ತು. ಅವಳು ಯಾರ ಮುಖವನ್ನೂ ನೋಡದೆ ಹಲಗೆ ದಾಟಿ ಬೋನಿನೊಳಗೆ ಹೋಗಿ, ತಿರುಗಿ, ಕಂಬಿ ಹಿಡಿದು ನಿಂತಳು.

"ಅಮ್ಮಾ," ಎಂದಳು ಮಗಳು.

"ದೀಪದಮ್ಮ, ಇಳೀರಿ. ಇದು ತಮಾಷೆಯಲ್ಲ," ಎಂದ ಮೇನೇಜರ್.

"ನಾನೂ ತಮಾಷೆಗೆ ಬಂದಿಲ್ಲ. ಮೇಸ್ತ್ರಿ, ನೀನು ಹೇಳಪ್ಪ. ಈ ಊರಲ್ಲಿ ಈ ಮನುಷ್ಯನನ್ನ ನನಗಿಂತ ಜಾಸ್ತಿ ಬೈದವರು ಯಾರಾದ್ರೂ ಇದ್ದಾರಾ?"

ಗಡ್ಡದ ಮೇಸ್ತ್ರಿ ಗಡ್ಡ ಕೆರೆದುಕೊಂಡ. "ಇಲ್ಲ ತಾಯಿ. ಅದನ್ನ ಮಾತ್ರ ದೇವರೂ ಇಲ್ಲ ಅನ್ನಲ್ಲ."

"ಮತ್ತೆ ನಾನು ನಿಂತ್ರೆ ಯಾರೂ ಅವನ ಕಡೆಯವಳು ಅನ್ನೋ ಹಾಗಿಲ್ಲವಲ್ಲ. ಅಲ್ಲಾಡು ಅಂದ್ರೆ ಅಲ್ಲಾಡ್ತೀನಿ. ಹೆದರು ಅಂದ್ರೆ ಹೆದರ್ತೀನಿ." ಅವಳು ಮೇಲೆ ಕಮ್ಮಾರನ ಕಡೆಗೆ ನೋಡಿದಳು. "ಕಡಿ."

ಕಮ್ಮಾರ ದೊಡ್ಡ ಆಳು. ಅವನ ತೋಳು ಬೇರೆಯವರ ತೊಡೆಯಷ್ಟಿತ್ತು. ಅವನು ಕೊಡಲಿಯನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟ. "ದಿನಾ ಬೆಳಗ್ಗೆ ಇವರ ಕೈಯಿಂದ ದೀಪ ಇಸ್ಕೋತೀನಿ. ನನ್ನ ಕೈಲಾಗಲ್ಲ," ಎಂದು ಕೆಳಗಿಳಿದುಬಿಟ್ಟ.

ಬೇರೆ ಯಾರೂ ಮುಂದೆ ಬರಲಿಲ್ಲ. ಆಗ ದೀಪದಮ್ಮ ಅಳಿಯನನ್ನು ನೋಡಿದಳು. ಮಗಳ ಮೂಲಕ ಅಲ್ಲ, ಮಗಳ ತಲೆಯ ಮೇಲಿನಿಂದ ನೇರವಾಗಿ.

"ಅಳಿಯಂದ್ರೇ," ಎಂದಳು. "ನೀವೇ ಕಡೀಬೇಕು."

ಮದುವೆಯಾದ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು. "ಅತ್ತೆ, ಇಳೀರಿ. ದಯವಿಟ್ಟು. ನಾನೇ ನಿಲ್ತೀನಿ."

"ನಿಲ್ಲುತ್ತೆ ಅಂತ ಗೊತ್ತಿದೆಯೋ ಇಲ್ವೋ ನಿಮಗೆ?"

ಅವನು ಕತ್ತೆತ್ತಿ ಬೋನಿನ ನೆತ್ತಿಯ ಸ್ಪ್ರಿಂಗನ್ನು ನೋಡಿದ. ಮಗಳಿಗೆ ಆ ಹೊತ್ತು ಬಹಳ ದೀರ್ಘವಾಯಿತು. ಅವನು ಸುಳ್ಳು ಹೇಳಲು ಬಾರದ ಮನುಷ್ಯ. ಅವನೀಗ ಕೊಟ್ಟಿಗೆಯಲ್ಲಿ ನಿಂತ ಪೆಟ್ಟಿಗೆಗಳನ್ನೆಲ್ಲ, ನಿಲ್ಲದ ಪೆಟ್ಟಿಗೆಗಳನ್ನೆಲ್ಲ ಮನಸ್ಸಿನಲ್ಲಿ ಇನ್ನೊಮ್ಮೆ ಬೀಳಿಸಿ ನೋಡುತ್ತಿದ್ದಾನೆ ಎಂಬುದು ಅವಳಿಗೆ ತಿಳಿದಿತ್ತು.

"ನಿಲ್ಲುತ್ತೆ," ಎಂದ ಕೊನೆಗೆ.

"ಮತ್ತೆ ಕಡೀರಿ. ಪಾಳಿ ಶುರುವಾಗೋ ಹೊತ್ತಾಯ್ತು, ನನಗೆ ಕೆಲಸವಿದೆ."

ಅವನು ಮೆಟ್ಟಿಲು ಹತ್ತಿದ. ಗುಂಪಿನ ಹಿಂದಿನಿಂದ ಯಾರೋ, "ಎಷ್ಟು ಜನ ಅಳಿಯಂದಿರಿಗೆ ಸಿಗುತ್ತಪ್ಪ ಇಂಥ ಪುಣ್ಯ," ಎಂದರು. ನಗು ಒಮ್ಮೆಲೇ ಸಿಡಿದು, ಅಷ್ಟೇ ಬೇಗ ಸತ್ತುಹೋಯಿತು. ಅವನು ಕೊಡಲಿ ಎತ್ತಿದ್ದ. ಮಗಳು ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡಳು, ಆಗಲಿಲ್ಲ. ಬಾವಿಯ ತಣ್ಣನೆಯ ಗಾಳಿ ಅಮ್ಮನ ಶಾಲಿನ ಅಂಚನ್ನು ಅಲ್ಲಾಡಿಸುತ್ತಿತ್ತು. ಅಮ್ಮನ ತುಟಿ ಬಿಗಿದುಕೊಂಡಿತ್ತು. ಅವಳು ಮೇಲೆ ಹಗ್ಗವನ್ನಾಗಲಿ ಕೆಳಗೆ ಕತ್ತಲನ್ನಾಗಲಿ ನೋಡದೆ, ಎದುರಿಗಿದ್ದ ದೀಪದ ಕೋಣೆಯ ಗೋಡೆಯನ್ನು ನೋಡುತ್ತಿದ್ದಳು.

ಮೊದಲ ಏಟಿಗೆ ಹಗ್ಗದ ಅರ್ಧ ಎಳೆಗಳು ಹರಿದವು. ಬೋನು ನರಳಿತು. ಎರಡನೆಯ ಏಟು ಬಿತ್ತು.

ನೆಲವೇ ಒಡೆದಂತೆ ಸದ್ದಾಯಿತು. ಬೋನು ಜನರ ಕಣ್ಣೆದುರಿನಿಂದ ಕೆಳಗೆ ಜಾರಿತು. ಮರದ ಚೂರುಗಳು ಹಾರಿದವು, ಧೂಳೆದ್ದಿತು, ತುಂಡಾದ ಹಗ್ಗದ ತುದಿ ರಾಟೆಯ ಮೇಲೆ ಹಾವಿನಂತೆ ಹೊರಳಿ ಆಚೆ ಬಿತ್ತು. ಆಮೇಲೆ ಏನೂ ಇಲ್ಲ. ಧೂಳು ನಿಧಾನವಾಗಿ ಇಳಿಯಿತು. ಮೊದಲು ಕಂಡದ್ದು ದೀಪದಮ್ಮನ ತಲೆ, ಆಮೇಲೆ ಹೆಗಲು. ಬೋನು ಬಿದ್ದದ್ದು ಒಂದು ಗೇಣು ಮಾತ್ರ. ಅಲ್ಲಿ, ಅಷ್ಟು ಆಳದ ಕತ್ತಲೆಯ ಮೇಲೆ, ಎರಡು ಕಬ್ಬಿಣದ ಉಗುರು ಮರವನ್ನು ಕಚ್ಚಿ ಹಿಡಿದಿದ್ದವು. ಅವಳು ನಿಂತಲ್ಲೇ ನಿಂತಿದ್ದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಡ್ಡದ ಮೇಸ್ತ್ರಿ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬ. ಇಡೀ ಅಂಗಳ ಬರಿದಲೆಯಲ್ಲಿ ನಿಂತಿತು. ದೀಪದಮ್ಮನ ಕೈ ಹಿಡಿದು ಹಲಗೆಯ ಮೇಲೆ ಹತ್ತಿಸಿದವನು ಕಮ್ಮಾರ. ಅವಳು ಶಾಲು ಕೊಡವಿಕೊಂಡಳು. ಅಳಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ, ಕೊಡಲಿ ಇನ್ನೂ ಕೈಯಲ್ಲೇ ಇತ್ತು.

"ಎಡಗಡೆ ಒಂಚೂರು ಮುಂಚೆ ಕಚ್ಚುತ್ತೆ ಅಳಿಯಂದ್ರೇ. ನೋಡ್ಕೊಳ್ಳಿ," ಎಂದು ಅವಳು ದೀಪದ ಕೋಣೆಯ ಕಡೆಗೆ ಹೊರಟಳು.

ಆಳುಗಳು ಒಬ್ಬೊಬ್ಬರಾಗಿ ಬಾವಿಯ ಅಂಚಿಗೆ ಬಂದರು. ಉಗುರು ನೆಟ್ಟ ಜಾಗವನ್ನು ಬಗ್ಗಿ ನೋಡಿದರು. ಮೇಸ್ತ್ರಿ ತನ್ನ ಒರಟು ಬೆರಳನ್ನು ಆ ಗಾಯದ ಮೇಲೆ, ಎಳೆಗೂಸಿನ ಕೆನ್ನೆ ಮುಟ್ಟುವಂತೆ ಮುಟ್ಟಿದ. "ಎಷ್ಟು ಚೆನ್ನಾಗಿ ಹಿಡ್ಕೊಂಡಿದೆ ನೋಡ್ರೋ," ಎಂದ. ಹಗ್ಗ ಕಟ್ಟಿ ಸಿದ್ಧಮಾಡಿದ ಮೇಲೆ ಆ ಸಂಜೆಯ ಪಾಳಿಯಲ್ಲಿ ಮೊದಲು ಬೋನಿನೊಳಗೆ ಕಾಲಿಟ್ಟವನು ಅವನೇ.

ಮಗಳು ದೀಪದ ಕೋಣೆಗೆ ಹೋದಾಗ ಅಮ್ಮ ಸಾಲು ದೀಪಗಳ ಮುಂದೆ ಮುಕ್ಕಾಲಿಯ ಮೇಲೆ ಕೂತಿದ್ದಳು. ಕಿಟಕಿಯ ಹೊರಗೆ ಪಾಳಿಯವರು ಕಾಯುತ್ತಿದ್ದರು. ಎಂದಿನಂತೆ ಬೇಗ ಬೇಗ ಎಂದು ಯಾರೂ ಕೂಗಲಿಲ್ಲ. ಅಮ್ಮ ಒಂದು ದೀಪ ಎತ್ತಿ ಬತ್ತಿ ಹಚ್ಚಲು ನೋಡುತ್ತಿದ್ದಳು. ಕಡ್ಡಿ ಗೀರಿದರೆ ಗುರಿ ತಪ್ಪುತ್ತಿತ್ತು. ಮಗಳು ಕಡ್ಡಿಪೆಟ್ಟಿಗೆ ತೆಗೆದುಕೊಂಡು ತಾನೇ ಹಚ್ಚತೊಡಗಿದಳು. ಅಮ್ಮ ದೀಪಗಳನ್ನು ಎತ್ತಿ ಎತ್ತಿ ಕೊಟ್ಟಳು. ಕೊನೆಯವನೂ ಹೋದ ಮೇಲೆ ಮಗಳು ಕಿಟಕಿ ಮುಚ್ಚಿದಳು.

"ಯಾಕಮ್ಮ ಹೀಗೆ ಮಾಡ್ದೆ?" ಎಂದಳು ಮಗಳು. ಈಗ ಅವಳಿಗೆ ಅಳು ಬರುತ್ತಿತ್ತು. "ನಿಲ್ಲದೇ ಇದ್ದಿದ್ರೆ? ಒಂದೇ ಏಟಿಗೆ ಅಮ್ಮನೂ ಇಲ್ಲ, ಗಂಡನೂ ಇಲ್ಲ. ಆಮೇಲೆ ನಾನು ಆ ಮನುಷ್ಯನ ಮುಖ ಹೇಗೆ ನೋಡ್ಬೇಕಿತ್ತು?"

"ಅದನ್ನ ಯೋಚಿಸ್ಲಿಲ್ಲ. ತಪ್ಪಾಯ್ತು ಅನ್ಕೋ." ದೀಪದಮ್ಮ ಮಸಿ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು. "ನಿಮ್ಮಪ್ಪ ಬೀಳುವಾಗ ಏನು ಅನ್ಕೊಂಡಿರ್ತಾನೆ ಅಂತ ಇಷ್ಟು ವರ್ಷ ಯೋಚಿಸ್ತಾ ಇದ್ದೆ ಕಣೇ. ದಿನಾ. ನನ್ನನ್ನ ಕರೆದನೋ, ನಿನ್ನನ್ನ ಕರೆದನೋ, ಎಷ್ಟು ಹೆದರಿದನೋ ಅಂತ."

ಹೊರಗೆ ರಾಟೆ ತಿರುಗುವ ಸದ್ದು ಶುರುವಾಯಿತು.

"ಏನೂ ಇರಲ್ಲ," ಎಂದಳು ಅಮ್ಮ. ಅವಳ ದನಿಯಲ್ಲಿ, ದೂರದೂರಿಗೆ ಹೋಗಿ ಬಂದವರ ಬೆರಗಿತ್ತು. "ಹೆದರೋಕೂ ಪುರುಸೊತ್ತು ಇರಲ್ಲ. ಹಗ್ಗ ಹರಿಯೋ ತನಕ ಇರುತ್ತೆ ಹೆದರಿಕೆ. ಹರಿದ ಮೇಲೆ ಒಂಥರಾ ಹಗುರ, ಅಷ್ಟೇ. ಯಾರೋ ಎತ್ಕೊಂಡ ಹಾಗೆ."

ಮಗಳು ಅಮ್ಮನ ಮಸಿಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಆಮೇಲೆ ನಡೆದದ್ದೆಲ್ಲ ಲೋಕಕ್ಕೆ ತಿಳಿದಿದ್ದೇ. ಒಂದು ಗಣಿಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಆ ಉಗುರು ಹಬ್ಬಿತು. ಮರದ ಕಂಬ ಹೋಗಿ ಉಕ್ಕಿನ ಹಳಿ ಬಂತು, ಅದಕ್ಕೆ ತಕ್ಕಂತೆ ಉಗುರನ್ನೂ ಗಡಿಯಾರದವನು ತಿದ್ದಿದ. ಬಾಗಿಲು ಮುಚ್ಚದೆ ಬೋನು ಅಲ್ಲಾಡದ ಹಾಗೆ ಒಂದು ಚಿಲಕ ಕಂಡುಹಿಡಿದ, ಮಿತಿ ಮೀರಿ ಜೋರಾಗಿ ಇಳಿದರೆ ತಾನೇ ತಾನಾಗಿ ತಡೆಯುವ ಚಕ್ರ ಕಂಡುಹಿಡಿದ. ಕೊಟ್ಟಿಗೆ ಹೋಗಿ ಕಾರ್ಖಾನೆಯಾಯಿತು. ಪಟ್ಟಣಗಳಲ್ಲಿ ಮನೆಗಳು ಮಹಡಿಯ ಮೇಲೆ ಮಹಡಿ ಏರತೊಡಗಿದಾಗ, ಅವುಗಳೊಳಗಿನ ಬೋನಿಗೆ ಕನ್ನಡಿ, ದೀಪ, ಗುಂಡಿ ಎಲ್ಲ ಬಂದು ಅದು ಲಿಫ್ಟಾಯಿತು. ನೆತ್ತಿಯ ಮೇಲೆ ಕಾಣದ ಜಾಗದಲ್ಲಿ ಅವನ ಉಗುರು ಕೂತಿತು. ಪದಕಗಳು ಬಂದವು. ಪಠ್ಯಪುಸ್ತಕದಲ್ಲಿ ಅವನ ಚಿತ್ರ ಬಂತು, ಮೂಗು ಮಾತ್ರ ಬೇರೆ ಯಾರದೋ. ಅವನ ಕೈ ನಡುಗುವುದು ಮಾತ್ರ ಕಡೆಯವರೆಗೂ ನಿಲ್ಲಲಿಲ್ಲ.

ದೀಪದಮ್ಮ ಅವರ ಜೊತೆಯಲ್ಲೇ ಇದ್ದಳು. ಆ ದಿನದಿಂದ ಅವಳು ಅಳಿಯನೊಂದಿಗೆ ನೇರವಾಗಿ ಮಾತಾಡತೊಡಗಿದ್ದಳು. ಆಡಿದ್ದರಲ್ಲಿ ಮುಕ್ಕಾಲು ಪಾಲು ಬೈಗುಳವೇ. ಆದರೆ ಅವನಿಗೇ ನೇರವಾಗಿ, "ಅಳಿಯಂದ್ರೇ" ಎಂದು ಶುರುಮಾಡಿ ಬೈಯುತ್ತಿದ್ದಳು. ಮಾಗಿದ ವಯಸ್ಸಿನಲ್ಲಿ, ಹಾಸಿಗೆಯಲ್ಲಿ, ಮಗಳೂ ಅಳಿಯನೂ ಎರಡು ಬದಿಗೆ ಕೂತಿರುವಾಗ ಪ್ರಾಣ ಬಿಟ್ಟಳು. ಅವಳು ಹೋದ ಮೇಲೆ ಒಮ್ಮೆ ಪತ್ರಿಕೆಯವನೊಬ್ಬ ಮನೆಗೆ ಬಂದು, "ನಿಮ್ಮ ಅತ್ತೆಯವರಿಗೆ ನಿಮ್ಮ ಮೇಲೆ ಎಂಥ ನಂಬಿಕೆ ಇತ್ತು ಸಾರ್," ಎಂದ. ಚಹಾ ತಂದಿದ್ದ ಮಗಳು ಬಾಗಿಲಲ್ಲೇ ನಿಂತಳು.

"ನಂಬಿಕೆ ಇರ್ಲಿಲ್ಲ," ಎಂದ ಗಂಡ. "ನಾನು ಮೇಲಿಂದ ಅವರ ಮುಖ ನೋಡ್ದೆ. ನಂಬಿರ್ಲಿಲ್ಲ. ನಂಬದೇನೇ ನಿಂತಿದ್ರು."

ಪತ್ರಿಕೆಯವನು ಅದನ್ನು ಬರೆದುಕೊಳ್ಳಲಿಲ್ಲ. ಉಗುರಿನ ತೂಕ ಎಷ್ಟು ಎಂದು ಕೇಳಿದ.

ಗಂಡ ಹೆಂಡತಿ ಇಬ್ಬರಿಗೂ ಕೂದಲು ಪೂರ್ತಿ ಬೆಳ್ಳಗಾದ ಮೇಲೆ, ದೊಡ್ಡ ಪಟ್ಟಣವೊಂದರಲ್ಲಿ ಅವನಿಗೆ ಸನ್ಮಾನವೆಂದು ಕರೆದರು. ಸಭೆ ಬಹಳ ಎತ್ತರದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಕರೆದೊಯ್ಯಲು ಬರಬೇಕಿದ್ದವರು ಬೇರೆ ಬಾಗಿಲಲ್ಲಿ ಹೂವು ಹಿಡಿದು ಕಾಯುತ್ತಿದ್ದರಂತೆ. ಇವರಿಬ್ಬರು ತಮ್ಮ ಪಾಡಿಗೆ ಜನರ ಜೊತೆ ಲಿಫ್ಟು ಹತ್ತಿದರು. ಅವನು ಮೂಲೆಗೆ ಒರಗಿ ನಿಂತ, ಅವಳು ಅವನ ಪಕ್ಕದಲ್ಲಿ. ಯಾರೂ ಅವನನ್ನು ಗುರುತು ಹಿಡಿಯಲಿಲ್ಲ. ಒಬ್ಬ ಹುಡುಗಿ ಕನ್ನಡಿ ನೋಡಿ ತುಟಿಯ ಬಣ್ಣ ತಿದ್ದಿಕೊಳ್ಳುತ್ತಿದ್ದಳು. ಒಬ್ಬ ಗುಮಾಸ್ತ ಪೇಪರು ಬಗಲಲ್ಲಿಟ್ಟು ಆಕಳಿಸುತ್ತಿದ್ದ. ಬಾಗಿಲು ಮುಚ್ಚಿತು. ಲಿಫ್ಟು ಮೇಲೆದ್ದಿತು.

"ಎಷ್ಟು ನಿಧಾನ ಅಪ್ಪಾ ಇದು," ಎಂದು ಗುಮಾಸ್ತ ಗುಂಡಿಯನ್ನು ಮತ್ತೊಮ್ಮೆ ಒತ್ತಿದ. "ಎಲ್ಲಿ ನಿದ್ದೆ ಮಾಡುತ್ತೋ."

ಅವಳು ಗಂಡನ ಮುಖ ನೋಡಿದಳು. ಬೇಜಾರಾಗಿರಬಹುದು ಎಂದುಕೊಂಡಿದ್ದಳು. ಅವನು ಗುಮಾಸ್ತನನ್ನು ನೋಡುತ್ತಿರಲಿಲ್ಲ. ಮುಂದೆ ನಿಂತಿದ್ದ ಒಬ್ಬ ತಾಯಿಯ ಹೆಗಲ ಮೇಲೆ ಒಂದು ಮಗು ಮಲಗಿತ್ತು. ಅದರ ಬಾಯಿ ಅರ್ಧ ತೆರೆದಿತ್ತು, ಜೊಲ್ಲು ತಾಯಿಯ ಬಟ್ಟೆಗೆ ಇಳಿದಿತ್ತು. ಒಂದು ಪುಟ್ಟ ಕೈ ಹಿಂದಕ್ಕೆ ಜೋತುಬಿದ್ದು, ಏನನ್ನೂ ಹಿಡಿದುಕೊಳ್ಳದೆ, ಲಿಫ್ಟು ಏರಿದಂತೆಲ್ಲ ಮೆಲ್ಲಗೆ ತೂಗುತ್ತಿತ್ತು. ಪದಕ ಕೊಟ್ಟಾಗ ಕಾಣದಿದ್ದ ಬೆರಗು ಅವನ ಮುಖದ ತುಂಬ ಇತ್ತು.

ಅವರು ಇಳಿಯಬೇಕಾಗಿದ್ದ ಮಹಡಿ ಬಂತು. ಬಾಗಿಲು ತೆರೆಯಿತು. ಹೊರಗೆ ದೀಪಗಳು, ಕುರ್ಚಿಗಳ ಸಾಲು, ಮಾತಿನ ಗದ್ದಲ. ಅವನು ಅಲುಗಾಡಲಿಲ್ಲ. ಅವಳೂ ಇಳಿಯೋಣ ಎನ್ನಲಿಲ್ಲ. ಬಾಗಿಲು ಮುಚ್ಚಿಕೊಂಡಿತು, ಮಗು ನಿದ್ದೆಯಲ್ಲೇ ಒಮ್ಮೆ ಲೊಚಗುಟ್ಟಿ, ಮುಖವನ್ನು ಆಚೆ ಬದಿಗೆ ಹೊರಳಿಸಿ
ಮತ್ತೆ ಮಲಗಿತು.